ಮೂರನೆಯ ಸಾಲು

ಮೊನ್ನೆ ಸಹಕಾರನಗರದ ಒಂದು ದರ್ಶಿನಿಯಲ್ಲಿ ಇಡ್ಲಿ ತಿಂದು ಕೈ ತೊಳೆಯಲು ಹೋದರೆ, ತೊಟ್ಟಿಯ ಜಾಲರಿಯ ಮೇಲೆ ನಾಲ್ಕಾರು ನುಸಿಗುಳಿಗೆ ಹಾಕಿದ್ದರು. ನೀರು ಬಿದ್ದದ್ದೇ ತಡ, ವಾಸನೆ ಗಪ್ಪನೆ ಮೂಗಿಗೆ ಅಡರಿತು. ಈ ವಾಸನೆಗೆ ಅಮ್ಮನ ರೇಷ್ಮೆ ಸೀರೆ ನೆನಪಾಯಿತು, ಅಜ್ಜಿಯ ಟ್ರಂಕು ನೆನಪಾಯಿತು ಎಂದು ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನೋಡಿದ್ದೇನೆ. ಪುಣ್ಯವಂತರು. ನಮ್ಮ ಮನೆಯಲ್ಲಿ ನುಸಿಗುಳಿಗೆ ಹಾಕಿ ಕಾಪಾಡುವಂಥ ಸೀರೆಯೇ ಇರಲಿಲ್ಲ. ನನಗೆ ನೆನಪಾಗುವುದು ಗಾಜಿನ ಪೆಟ್ಟಿಗೆಯೊಳಗಿನ ಒಂದು ಹಕ್ಕಿ, ಅದರ ಮುಂದೆ ಬರಿಗಾಲಲ್ಲಿ ನಿಂತ ನಮ್ಮ ತಾತ, ಪಕ್ಕದಲ್ಲಿ ಎರಡು ಜಡೆ ಹಾಕಿಕೊಂಡು ಗಟ್ಟಿಯಾಗಿ ಇಂಗ್ಲಿಷ್ ಓದುತ್ತಿರುವ ಹತ್ತು ವರ್ಷದ ನಾನು. ಆ ಹುಡುಗಿ ಈಗ ಕೈಗೆ ಸಿಕ್ಕಿದರೆ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸುತ್ತದೆ. ಹೇಳಿಟ್ಟಿದ್ದ ಕಾಫಿಯನ್ನು ಕುಡಿಯದೆ ಎದ್ದು ಬಂದೆ.

ತಾತ ಅಮೃತಹಳ್ಳಿ ಕೆರೆಯ ನೀರಗಂಟಿ. ತೂಬು ಎತ್ತಿ, ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿಯ ಮೇಲೆ ಬಿಡುವುದು ಅವನ ಕೆಲಸ, ಅವನಪ್ಪನ ಕೆಲಸ, ಅವನ ತಾತನ ಕೆಲಸ. ಅದಕ್ಕೆ ಬದಲಾಗಿ ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದೊಂದು ಮೊರ ಭತ್ತ ಬರುತ್ತಿತ್ತು, ಕೆರೆಯ ಕೆಳಗೆ, ನಮ್ಮ ಮನೆಗೆ ಹೊಂದಿಕೊಂಡೇ, ಮುಕ್ಕಾಲು ಎಕರೆ ಜಮೀನು ಇತ್ತು. ಇವತ್ತು ಆ ಕೆರೆಯ ಸುತ್ತ ನಾಯಿ ಹಿಡಿದುಕೊಂಡು ನಡೆಯುವವರಿಗೆ ನೀರಗಂಟಿ ಅಂದರೆ ತಿಳಿಯುವುದಿಲ್ಲ, ತಿಳಿಸಿ ಹೇಳುವ ತಾಳ್ಮೆ ನನಗೂ ಇಲ್ಲ. ಊರಲ್ಲಿ ಯಾರೂ ತಾತನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ದೊಡ್ಡವರಿಗೆ ಅವನು ‘ನೀರ್ಗಂಟಿ’, ಚಿಕ್ಕವರಿಗೂ ‘ನೀರ್ಗಂಟಿ’. ಮದುವೆಯ ಕಾಗದ ಕೊಡಲು ಬಂದವರು ಕೂಡ ಮೇಲೆ ‘ನೀರಗಂಟಿಯವರಿಗೆ’ ಎಂದೇ ಬರೆದು ಕೊಡುತ್ತಿದ್ದರು. ಮುನಿಯಪ್ಪ ಎಂಬ ಅವನ ಹೆಸರು ರೇಷನ್ ಕಾರ್ಡಿನಲ್ಲಿ ಮತ್ತು ಜಮೀನಿನ ಪಹಣಿಯಲ್ಲಿ ಬಿಟ್ಟರೆ ಇನ್ನೊಂದೇ ಒಂದು ಕಡೆ ಇದೆ ಎಂದು ತಾತ ನಂಬಿದ್ದ.

ಆ ಇನ್ನೊಂದು ಕಡೆ ಸಿಟಿಯೊಳಗಿನ ಮ್ಯೂಸಿಯಂ. ನಾನು ಹುಟ್ಟುವ ಮೊದಲು ಯಾವುದೋ ಕಾಲೇಜಿನ ಮೇಷ್ಟರೊಬ್ಬರು ಚಳಿಗಾಲದಲ್ಲಿ ಸ್ಕೂಟರಿನಲ್ಲಿ ಕೆರೆಗೆ ಬರುತ್ತಿದ್ದರಂತೆ. ಹಕ್ಕಿ ನೋಡುವುದು, ಬರೆದುಕೊಳ್ಳುವುದು, ತಾತನ ಜೊತೆ ಏರಿಯ ಮೇಲೆ ಕೂತು ಬೀಡಿ ಸೇದುವುದು. ಒಂದು ವರ್ಷ ಮೀನಿನ ಬಲೆಗೆ ಸಿಕ್ಕಿ ಒಂದು ಹೆಜ್ಜಾರ್ಲೆ ಸತ್ತುಹೋಯಿತು. ಕೊಕ್ಕಿನ ಕೆಳಗೆ ಚೀಲ ಇರುವ, ಆಳೆತ್ತರ ರೆಕ್ಕೆಯ ಹಕ್ಕಿ. ತಾತ ಅದನ್ನು ತನ್ನ ಟವೆಲಿನಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮೇಷ್ಟರ ಸ್ಕೂಟರಿನ ಹಿಂದೆ ಕೂತು ಸಿಟಿಗೆ ಒಯ್ದ. ಕೆಲವು ತಿಂಗಳಾದ ಮೇಲೆ ಮೇಷ್ಟರು ಅವನನ್ನು ಕರೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆ ತೋರಿಸಿ, ಕೆಳಗಿನ ಚೀಟಿಯ ಮೇಲೆ ಬೆರಳಿಟ್ಟು, ‘ನೋಡು ಮುನಿಯಪ್ಪ, ಇಲ್ಲಿ ನಿನ್ನ ಹೆಸರು ಹಾಕಿದೀವಿ’ ಅಂದರಂತೆ. ಮೂರನೆಯ ಸಾಲು. ಓದು ಬಾರದ ತಾತ ಆ ಸಾಲು ಯಾವುದೆಂಬುದನ್ನು ಮಾತ್ರ ಮರೆಯಲಿಲ್ಲ. ಸಿಟಿಗೆ ಯಾವ ಕೆಲಸಕ್ಕೆ ಹೋದರೂ ಮ್ಯೂಸಿಯಂ ಒಳಗೆ ಹೋಗಿ, ಆ ಸಾಲನ್ನು ನೋಡಿಕೊಂಡೇ ಬರುತ್ತಿದ್ದ.

ಮನೆಯಲ್ಲಿ ಇದನ್ನು ನಂಬಿದವಳು ಅಮ್ಮ ಒಬ್ಬಳೇ. ಅಪ್ಪ ನಂಬಲೂ ಇಲ್ಲ, ಸುಳ್ಳೆನ್ನಲೂ ಇಲ್ಲ. ಚಿಕ್ಕಪ್ಪ ಮಾತ್ರ ತಮಾಷೆಗೆ ಒಂದು ವಸ್ತು ಸಿಕ್ಕಿತೆಂದು, ಊಟಕ್ಕೆ ಕೂತಾಗಲೆಲ್ಲ ತಾತನನ್ನು ರೇಗಿಸುತ್ತಿದ್ದ. ಅವನು ಯಶವಂತಪುರದ ಕಡೆ ಫ್ಯಾಕ್ಟರಿಗೆ ಹೋಗುತ್ತಿದ್ದವನು, ಶೂ ಹಾಕುತ್ತಿದ್ದವನು. ನೀರಗಂಟಿ ಮಗ ಅನ್ನಿಸಿಕೊಳ್ಳುವುದೇ ಅವನಿಗೆ ಅವಮಾನ. ಕೊನೆಗೊಂದು ದಿನ ತಾತ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ‘ಭಾನ್ವಾರ ಎಲ್ಲಾರೂ ಓಗಾನ ನಡೀರ್ಲಾ. ಮೊಮ್ಮಗಳು ಇಂಗ್ಲೀಸ್ ಕಲ್ತವ್ಳಲ್ಲ, ಅವ್ಳೇ ಓದೇಳ್ತಾಳೆ’ ಅಂದ. ನಾನು ಆಗ ಹೆಬ್ಬಾಳದ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಐದನೆಯ ಕ್ಲಾಸು. ನಮ್ಮ ಬೀದಿಯಲ್ಲಿ ಟೈ ಕಟ್ಟಿಕೊಂಡು ಸ್ಕೂಲಿಗೆ ಹೋಗುತ್ತಿದ್ದ ಮೊದಲ ಹುಡುಗಿ. ನನ್ನ ಜಂಭಕ್ಕೆ ಮಿತಿಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮ ಚಿತ್ರಾನ್ನ ಕಲಸಿ ಕ್ಯಾರಿಯರಿಗೆ ತುಂಬಿದಳು. ತಾತ ಗಡ್ಡ ಹೆರೆಸಿಕೊಂಡು, ಹಬ್ಬಕ್ಕೆ ಹೊಲಿಸಿದ ಬಿಳಿ ಅಂಗಿ ಹಾಕಿ, ಹೆಬ್ಬಾಳದವರೆಗೆ ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದವರಿಗೂ ಎಲ್ಲಿಗೆ, ಯಾಕೆ ಎಂದು ಹೇಳಿದ. ಮ್ಯೂಸಿಯಂ ಬಾಗಿಲಲ್ಲಿ ಎಕ್ಕಡ ಬಿಟ್ಟ. ಅದನ್ನು ನೋಡಿ ಅಮ್ಮನೂ ಬಿಟ್ಟಳು, ನಾನೂ ಬಿಟ್ಟೆ, ಸ್ವಲ್ಪ ಯೋಚಿಸಿ ಅಪ್ಪನೂ ಬಿಟ್ಟ. ‘ಇದೇನ್ ದೇವಸ್ಥಾನನಾ? ಹಾಕ್ಕೊಳ್ರೋ, ಜನ ನೋಡ್ತಾವ್ರೆ’ ಎಂದು ಚಿಕ್ಕಪ್ಪ ಹಲ್ಲು ಕಡಿದ. ಒಳಗೆ ನೆಲ ತಣ್ಣಗಿತ್ತು. ನುಸಿಗುಳಿಗೆಯ ಜೊತೆ ಹಳೇ ಚರ್ಮ, ಧೂಳು, ಇನ್ನೇನೋ ಔಷಧಿಯ ವಾಸನೆ. ಸೀಸೆಗಳಲ್ಲಿ ಬೆಳ್ಳಗಾದ ಹಾವುಗಳು, ಎರಡು ತಲೆಯ ಕರು, ಒಂದು ಕಣ್ಣು ಬಿದ್ದುಹೋದ ಹುಲಿ. ಅಮ್ಮ ಹುಲಿಯ ಹತ್ತಿರ ನಿಂತು ‘ಪಾಪ’ ಅಂದಳು. ನನಗೆ ಎಲ್ಲದರ ಮುಂದೆಯೂ ನಿಲ್ಲುವ ಆಸೆ, ತಾತ ಬಿಡಲಿಲ್ಲ. ಕೈ ಹಿಡಿದು ಎಳೆದುಕೊಂಡು, ಯಾರನ್ನೂ ದಾರಿ ಕೇಳದೆ, ನೆಟ್ಟಗೆ ಹಕ್ಕಿಗಳ ಕೋಣೆಗೆ ಕರೆದೊಯ್ದ.

ಹೆಜ್ಜಾರ್ಲೆ ಮೂಲೆಯಲ್ಲಿತ್ತು. ಕೊಕ್ಕಿಗೆ ಯಾರೋ ಹಳದಿ ಪೇಂಟು ಬಳಿದಿದ್ದರು. ‘ಕಾಲು ಇಂಗಿರಲ್ಲ, ಒಸಿ ಅಗಲಿಸ್ಕೊಂಡ್ ನಿಂತ್ಕೊಂತದೆ’ ಎಂದು ತಾತ ತನ್ನ ಕಾಲನ್ನೇ ಅಗಲಿಸಿ ತೋರಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಗಾಜಿನ ಮೇಲೆ ಬೆರಳಿಟ್ಟು, ‘ಈ ಸಾಲು. ಓದವ್ವ, ಎಲ್ಲಾರ್ಗೂ ಕೇಳಂಗೆ ಓದು’ ಅಂದ. ಚೀಟಿಯಲ್ಲಿ ನಾಲ್ಕು ಸಾಲು. ಮೊದಲನೆಯದು ಹಕ್ಕಿಯ ಹೆಸರು, ಎರಡನೆಯದು ಬೆಂಗಳೂರು, ಕೊನೆಯದು ಮೇಷ್ಟರ ಹೆಸರು. ಮೂರನೆಯ ಸಾಲನ್ನು ನಾನು ಸ್ಕೂಲಿನಲ್ಲಿ ಎದ್ದು ನಿಂತು ಓದುವ ರಾಗದಲ್ಲೇ ಓದಿದೆ. ಅಡಲ್ಟ್ ಮೇಲ್.

ತಾತ ಎಲ್ಲರ ಮುಖ ನೋಡಿದ. ‘ಅಂದ್ರೆ?’

‘ಅಂದ್ರೆ ಬೆಳೆದಿರೋ ಗಂಡು, ತಾತ. ಹಕ್ಕಿ ಗಂಡು ಅಂತ.’

‘ಮುನಿಯಪ್ಪ ಅಂತ ಇಲ್ವಾ? ಇನ್ನೊಂದ್ ಕಿತ ಸರ್ಯಾಗ್ ನೋಡವ್ವ.’

ನೋಡುವುದೇನಿತ್ತು? ಅಮ್ಮ ಹಿಂದಿನಿಂದ ನನ್ನ ತೋಳು ಚಿವುಟಿದಳು, ನೋವಾಗುವ ಹಾಗೆ ಚಿವುಟಿದಳು. ಯಾಕೆಂದು ನನಗೆ ಗೊತ್ತಿರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಗೊತ್ತಿತ್ತು. ಒಂದು ಹೆಸರು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅಲ್ಲಿದ್ದವರಲ್ಲಿ ತಿದ್ದುವಷ್ಟು ಇಂಗ್ಲಿಷ್ ಬಲ್ಲವರೇ ಇರಲಿಲ್ಲ. ಆದರೆ ತಪ್ಪು ಓದಿದಳು ಅನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ನಾಲ್ಕೂ ಸಾಲನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಓದಿ, ‘ನಿನ್ನೆಸ್ರು ಎಲ್ಲೂ ಇಲ್ಲ ತಾತ’ ಅಂದೆ. ಆ ‘ಎಲ್ಲೂ’ ಎಂಬುದನ್ನು ಯಾರೂ ಕೇಳಿರಲಿಲ್ಲ, ನಾನಾಗಿ ಸೇರಿಸಿದ್ದು. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಓಗ್ಲಿ ಬಿಡಪ್ಪೋ, ಗಂಡು ಅಂತನಾದ್ರೂ ಬರ್ದವ್ರಲ್ಲ, ಅಷ್ಟಕ್ಕೇ ಸಮಾಧಾನ ಮಾಡ್ಕೋ.’ ಕಾವಲಿನವನು ಬಂದು ಗಾಜು ಮುಟ್ಟಬಾರದು ಎಂದು ಗದರಿಸಿದ. ತಾತ ಬೆರಳು ತೆಗೆದ. ಹೊರಗೆ ಮರದ ಕೆಳಗೆ ಕೂತು ಎಲ್ಲರೂ ಚಿತ್ರಾನ್ನ ತಿಂದೆವು, ತಾತನೂ ತಿಂದ.

ಆ ಮೇಷ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಬಡವನ ಮುಖದಲ್ಲಿ ನಗು ನೋಡಬೇಕೆಂದು ಒಂದು ಸುಳ್ಳು ಎಸೆದು ಸ್ಕೂಟರ್ ಹತ್ತಿ ಹೋದರು. ಅದು ಅವರಿಗೆ ಮಾರನೆಯ ದಿನವೇ ಮರೆತುಹೋಗಿರಬೇಕು. ಆದರೆ ತಾತ ಅವರನ್ನು ಬೈಯಲಿಲ್ಲ, ನನ್ನನ್ನಂತೂ ಬೈಯಲೇ ಇಲ್ಲ. ಆಶ್ಚರ್ಯವೆಂದರೆ, ಅವತ್ತಿನಿಂದ ಅವನು ನನ್ನನ್ನು ನಂಬತೊಡಗಿದ. ಮನೆಗೆ ಯಾವ ಕಾಗದ ಬರಲಿ, ಕರೆಂಟ್ ಬಿಲ್ಲಾಗಲಿ ಪಂಚಾಯ್ತಿಯ ನೋಟೀಸಾಗಲಿ, ‘ಮಗೀನ್ ಕೈಲಿ ಓದ್ಸಿ, ಅವ್ಳು ಇದ್ದಿದ್ ಇದ್ದಂಗೆ ಓದ್ತಾಳೆ’ ಎನ್ನುತ್ತಿದ್ದ. ಅಪ್ಪ ಓದಿ ಹೇಳಿದ್ದನ್ನೂ ನನ್ನ ಕೈಲಿ ಇನ್ನೊಂದು ಸಲ ಓದಿಸುತ್ತಿದ್ದ. ಹೆಜ್ಜಾರ್ಲೆಯ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ, ಸಿಟಿಗೆ ಹೋದರೂ ಆ ಕಡೆ ಕಾಲಿಡಲಿಲ್ಲ.

ನನಗೆ ಹದಿನೇಳಾಗುವ ಹೊತ್ತಿಗೆ ತೂಬಿನ ಕೆಲಸವೂ ಇರಲಿಲ್ಲ, ಗದ್ದೆಗಳೂ ಇರಲಿಲ್ಲ. ದೇವನಹಳ್ಳಿಗೆ ವಿಮಾನ ಬರುತ್ತದೆ ಎಂದು ಸುತ್ತಮುತ್ತಲ ಹೊಲಗಳಲ್ಲೆಲ್ಲ ಕಲ್ಲು ನೆಟ್ಟಿದ್ದರು. ಉಳಿದದ್ದು ತಾತನ ಮುಕ್ಕಾಲು ಎಕರೆ. ಅದರಲ್ಲಿ ಅವನು ದಂಟು, ಕೊತ್ತಂಬರಿ ಬೆಳೆಯುತ್ತಿದ್ದ. ಒಂದು ಬೆಳಿಗ್ಗೆ ಅಪ್ಪ, ಚಿಕ್ಕಪ್ಪ ಇಬ್ಬರೂ ಛಾಪಾ ಕಾಗದ ಹಿಡಿದು ಬಂದು, ಖಾತೆಗೆ ಮಕ್ಕಳ ಹೆಸರು ಸೇರಿಸುವುದಕ್ಕೆ ಹೆಬ್ಬೆಟ್ಟು ಒತ್ತು ಅಂದರು. ‘ಅವ್ಳು ಓದ್ಲಿ’ ಅಂದ ತಾತ. ಓದಿದೆ. ಜಮೀನನ್ನು ಲೇಔಟಿನವನಿಗೆ ಮಾರುವ ಪತ್ರ ಅದು, ಎರಡನೆಯ ಸಾಲಿನಲ್ಲೇ ಗೊತ್ತಾಯಿತು. ತಲೆಯೆತ್ತಿದರೆ ತಾತನ ಹಿಂದೆ ಅಪ್ಪ ನಿಂತಿದ್ದ. ಕಣ್ಣು ಕೆಕ್ಕರಿಸಲಿಲ್ಲ, ಗದರಿಸಲಿಲ್ಲ, ಕೈ ಜೋಡಿಸಿದ್ದ. ನನ್ನಪ್ಪ ನನಗೆ ಕೈ ಮುಗಿದದ್ದು ಅದೊಂದೇ ಸಲ. ನನಗೂ ಕಾಲೇಜಿಗೆ ಹೋಗುವ ಆಸೆಯಿತ್ತು, ತಾರಸಿ ಮನೆಯ ಆಸೆಯಿತ್ತು, ಅದನ್ನು ಮುಚ್ಚಿಡುವುದಿಲ್ಲ. ‘ಹೂಂ ತಾತ, ಹೆಸರು ಸೇರ್ಸೋದಕ್ಕೇ’ ಅಂದೆ. ತಾತ ತಡಮಾಡದೆ ಬೆರಳು ಮುಂದೆ ಚಾಚಿದ.

ಜೆಸಿಬಿ ಬಂದ ದಿನ ಅಪ್ಪನೂ ಚಿಕ್ಕಪ್ಪನೂ ಬೇಕೆಂದೇ ಮನೆಯಲ್ಲಿರಲಿಲ್ಲ. ತಾತ ದಂಟಿನ ಮಡಿಯ ನಡುವೆ ಡ್ರೈವರಿಗೆ ಅಡ್ಡ ನಿಂತು, ‘ಯಾರೋ ನಿಂಗೆ ತಪ್ಪೇಳವ್ರೆ ಕಣಪ್ಪ. ಹೆಸ್ರು ಸೇರ್ಸವ್ರೆ ಅಷ್ಟೇಯ. ನನ್ ಮೊಮ್ಮಗಳೇ ಓದವ್ಳೆ. ತಾತ ಅಂತ್ಲೂ ನೋಡಲ್ಲ ಅವ್ಳು, ಇದ್ದಿದ್ ಇದ್ದಂಗೆ ಓದ್ತಾಳೆ’ ಎಂದು ತಾಳ್ಮೆಯಿಂದ ವಿವರಿಸುತ್ತಿದ್ದ. ಆಮೇಲೆ ಮನೆಯ ಕಡೆ ತಿರುಗಿ ನನ್ನನ್ನು ಕೂಗಿದ, ‘ಬಾರವ್ವ, ಇವ್ರಿಗೊಂದ್ ಮಾತು ಓದೇಳು ಬಾ.’ ನಾನು ಅಡುಗೆಮನೆಯಲ್ಲಿ ಚಿಲಕ ಹಾಕಿಕೊಂಡು ನಿಂತಿದ್ದೆ. ಒಲೆಯ ಮುಂದಿದ್ದ ಅಮ್ಮ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. ಇಂಜಿನ್ನಿನ ಸದ್ದು ಶುರುವಾದ ಮೇಲೂ ತಾತನ ಕೂಗು ಸ್ವಲ್ಪ ಹೊತ್ತು ಕೇಳುತ್ತಿತ್ತು. ನಾನು ಹೋಗಲಿಲ್ಲ.

ಅದಾದ ಮೇಲೆ ತಾತ ಎರಡು ವರ್ಷ ಬದುಕಿದ್ದ. ಅದೇ ಮನೆ, ಅದೇ ಪಡಸಾಲೆ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ, ಯಾಕೆ ಹಾಗೆ ಮಾಡಿದೆ ಎಂದು ಕೇಳಲಿಲ್ಲ. ಊಟ ಹಾಕಿದರೆ ಉಂಡ, ನೀರು ಕೊಟ್ಟರೆ ಕುಡಿದ. ಮನೆಗೆ ಏನಾದರೂ ಕಾಗದ ಬಂದರೆ ಮಾತ್ರ, ಅದನ್ನು ಮಡಿಸಿ ಕೈಯಲ್ಲಿ ಹಿಡಿದು, ಪುಸ್ತಕ ಬಿಡಿಸಿಕೊಂಡು ಕೂತಿರುತ್ತಿದ್ದ ನನ್ನ ಮುಂದೆಯೇ ಹಾದು, ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದ. ದಾರಿಯಲ್ಲಿ ಓದು ಬಲ್ಲವರು ಯಾರಾದರೂ ಬರುವವರೆಗೆ, ಎಷ್ಟು ಹೊತ್ತಾದರೂ ಸರಿ, ಅಲ್ಲೇ ನಿಂತಿರುತ್ತಿದ್ದ.