ಎರಡನೇ ಕಾರ್ಡ್ ಹಾಕದೆ ಬಂದ ಶನಿವಾರ

೨೦೨೩ರಲ್ಲಿ ನಾನು ಇಂದಿರಾನಗರದ ಸಣ್ಣದೊಂದು ವಿಷುಯಲ್ ಎಫೆಕ್ಟ್ಸ್ ಸ್ಟುಡಿಯೋದಲ್ಲಿ ಸಿಸ್ಟಮ್ ಎಂಜಿನಿಯರ್ ಆಗಿದ್ದೆ. ಸ್ಟುಡಿಯೋ ತನ್ನ ಬಾಡಿಗೆ ಬಂಗಲೆಯನ್ನು ಬಿಟ್ಟುಕೊಟ್ಟಿತ್ತು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಯಾವ ತಿಂಗಳೋ ನೆನಪಿಲ್ಲ. ಶನಿವಾರವೆಂಬುದು ಖಚಿತ, ಏಕೆಂದರೆ ಸೋಮವಾರ ನಮ್ಮ ಗುತ್ತಿಗೆ ಕಲಾವಿದ ಮಹಾಂತೇಶ ತನ್ನ ದೃಶ್ಯವನ್ನು ಒಪ್ಪಿಸಬೇಕಿತ್ತು. ತಪ್ಪಿದರೆ ಅವನ ಗುತ್ತಿಗೆ ಮುಂದುವರಿಯುವುದಿಲ್ಲ ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಮಹಾಂತೇಶ ಲಿಂಗಸುಗೂರಿನವನು. ಹೊರಮಾವಿನ ಒಂದು ವಠಾರದಲ್ಲಿ, ಸಾಲಾಗಿದ್ದ ನಾಲ್ಕು ಬಾಡಿಗೆ ಕೋಣೆಗಳಲ್ಲೊಂದರಲ್ಲಿ, ಹೆಂಡತಿ ಶಿವಲೀಲಾಳೊಂದಿಗೆ ಇದ್ದ. ಸ್ಟುಡಿಯೋ ಅವನಿಗೆ ಕೊಟ್ಟಿದ್ದ ಕಂಪ್ಯೂಟರಿನ ಒಂದೇ ಗ್ರಾಫಿಕ್ಸ್ ಕಾರ್ಡ್ ಸೋಮವಾರದೊಳಗೆ ಕೆಲಸ ಮುಗಿಸುವಂತಿರಲಿಲ್ಲ. ಅಂಥದ್ದೇ ಇನ್ನೊಂದನ್ನು ಹಿಡಿದು ಹೋಗಿದ್ದೆ. ಎರಡು ಕಾರ್ಡ್ ಹಾಕಿದರೆ ಅವುಗಳ ಮೆಮೊರಿ ಒಂದಾಗುವುದಿಲ್ಲ. ಆದರೆ ದೃಶ್ಯದ ಒಂದೊಂದು ಚಿತ್ರವನ್ನೂ ಪೂರ್ಣರೂಪಕ್ಕೆ ತರುವ ರೆಂಡರ್ ಕೆಲಸವನ್ನು ಹಂಚಿಕೊಳ್ಳುವುದರಿಂದ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮದರ್‌ಬೋರ್ಡಿನಲ್ಲಿ ಜಾಗವಿತ್ತು, ಪವರ್ ಸಪ್ಲೈ ತಾಳುತ್ತಿತ್ತು.

ಕ್ಯಾಬಿನೆಟ್ ಬಿಚ್ಚುತ್ತಿದ್ದಾಗ ಪಕ್ಕದ ಕೋಣೆಯಿಂದ ಹೆಂಗಸೊಬ್ಬರು ಕೂಗಿದರು: "ಇಸ್ತ್ರಿ ಹಾಕ್ತೀನ್ ಕಣ್ರೀ!"

ಶಿವಲೀಲಾ ತಕ್ಷಣ ಇಂಡಕ್ಷನ್ ಒಲೆ ಆರಿಸಿ, "ಹಾಕ್ರಿ!" ಎಂದಳು.

ಯಾಕೆಂದು ಕೇಳಿದೆ. ನಾಲ್ಕೂ ಕೋಣೆಗೆ ಒಂದೇ ಲೈನು, ಒಂದೇ ಫ್ಯೂಸು. ದೊಡ್ಡದೇನಾದರೂ ಹಾಕುವವರು ಮೊದಲು ಕೂಗಿ ಹೇಳಬೇಕು. ಫ್ಯೂಸ್ ಹೋದರೆ ಕೊನೆಯ ಕೋಣೆಯ ಗಂಗಮ್ಮನ ಆಮ್ಲಜನಕದ ಯಂತ್ರ ನಿಲ್ಲುತ್ತದೆ. ಫ್ಯೂಸ್ ಪೆಟ್ಟಿಗೆಯ ಕೀಲಿ ಇರುವುದು ಪುಲಿಕೇಶಿನಗರದ ಮಾಲೀಕರ ಬಳಿ. ಎರಡು ಕಾರ್ಡಿನ ಕಂಪ್ಯೂಟರ್ ಸೋಮವಾರದವರೆಗೆ ನಿಲ್ಲದೆ ಓಡುತ್ತಿರುವಾಗ ಯಾರಾದರೂ ಇಸ್ತ್ರಿಯನ್ನೋ ಒಲೆಯನ್ನೋ ಹಾಕಿದರೆ ಆ ಫ್ಯೂಸ್ ತಾಳುವುದಿಲ್ಲ.

"ಎರಡು ದಿನ ಯಾರೂ ಏನೂ ಹಾಕಬ್ಯಾಡ್ರಿ ಅಂತ ಹೇಳಿ ಬರ್ತೀನ್ರಿ ಸರ," ಎಂದ ಮಹಾಂತೇಶ.

"ಹೇಳ್ರಿ, ಹೇಳ್ರಿ. ಹಂಗ ಉಪಾಸಾನೂ ಇರ್ರಿ ಅನ್ರಿ," ಎಂದಳು ಶಿವಲೀಲಾ. "ಒಬ್ಬಾಕಿ ಮರ್ತು ಹೀಟರ್ ಹಾಕಿದ್ಲಂದ್ರ?"

ಹೊರಗೆ ಬಂದು, ಕಂಪ್ಯೂಟರನ್ನು ನನ್ನ ಮನೆಗೆ ಒಯ್ಯಲೇ ಎಂದು ಮ್ಯಾನೇಜರಿಗೆ ಫೋನ್ ಮಾಡಿದೆ.

"ರಿಲೀಸ್ ಆಗದ ಸಿನಿಮಾ ಗುರು. ಕೊಟ್ಟಿರೋ ಅಡ್ರೆಸ್ ಬಿಟ್ಟು ಕದಲಿಸಂಗಿಲ್ಲ."

"ಡೇಟು?"

"ಅದೂ ಕದಲಲ್ಲ."

ಗಂಗಮ್ಮನ ಕೋಣೆಯ ಬಾಗಿಲು ತೆರೆದಿತ್ತು. ಮೂಗಿಗೆ ನಳಿಕೆ ಹಾಕಿಕೊಂಡು ಮಂಚದ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ, ಯಾರೆಂದು ತಿಳಿಯದಿದ್ದರೂ, ಕೈಯೆತ್ತಿದರು.

ವಾಪಸ್ ಬಂದು ಹೊಸ ಕಾರ್ಡನ್ನು ಡಬ್ಬಿಗೆ ಹಾಕಿದೆ. "ಬೇಡ ಮಹಾಂತೇಶ್," ಎಂದೆ. "ಇರ್ಲಿ ಬಿಡ್ರಿ ಸರ," ಎಂದನೆಂದು ನೆನಪು. ನನ್ನ ಸಮಾಧಾನಕ್ಕೆ ಆ ಮಾತನ್ನು ನಾನೇ ಸೇರಿಸಿಕೊಂಡಿರಲೂಬಹುದು. ಎರಡೂ ಕಾರ್ಡುಗಳ ವಿದ್ಯುತ್ ಬಳಕೆಗೆ ಮಿತಿ ಹಾಕಿ ಓಡಿಸಬಹುದಿತ್ತೇ? ಅದನ್ನೂ ಆಗಲೇ ಯೋಚಿಸಿ ಕೈಬಿಟ್ಟೆನೆಂದು ಅಂದುಕೊಂಡಿದ್ದೇನೆ; ಆಣೆ ಮಾಡಿ ಹೇಳಲಾರೆ.

ಸೋಮವಾರದ ಹೊತ್ತಿಗೆ ದೃಶ್ಯದ ಅರ್ಧಕ್ಕಿಂತ ತುಸು ಹೆಚ್ಚು ಸಿದ್ಧವಾಗಿತ್ತು. ಗುತ್ತಿಗೆ ಮುಂದುವರಿಯಲಿಲ್ಲ. ಸ್ಟುಡಿಯೋದ ಕಂಪ್ಯೂಟರನ್ನು ಅವನ ಕೋಣೆಯಿಂದ ವಾಪಸ್ ತರಲು ಕಳಿಸಿದ್ದೂ ನನ್ನನ್ನೇ. ಆಟೋವರೆಗೆ ಅವನೇ ಹೊತ್ತು ತಂದಿಟ್ಟ.

ಒಂದು ಯಂತ್ರದ ಮೇಲೆ ಎಷ್ಟು ಹೊರೆ ಹಾಕಬಹುದೆಂದು ಲೆಕ್ಕ ಹಾಕುವುದನ್ನು ಈ ವೃತ್ತಿ ಮೊದಲೇ ಕಲಿಸಿತ್ತು. ನಾನು ಸರಿಯಾಗಿಯೇ ನಿರ್ಧರಿಸಿದರೂ ಅದರ ಬೆಲೆ ತೆರುವವನು ನಾನಾಗಿರಬೇಕಿಲ್ಲ ಎಂಬುದನ್ನು ಹೊರಮಾವಿನಲ್ಲಿ ಕಲಿಸಿತು.