ಮುಂಬಯಿ ಇನ್ನೂ 'ರಾ'ದಲ್ಲೇ ಇದೆ

ನಿಮ್ಮ ಮನೆಯಲ್ಲಿ ಎಂದಾದರೂ ಗ್ರಾಮರ್ ಸಲುವಾಗಿ ಜಗಳ ಆಗಿದೆಯೇ? ನಮ್ಮಲ್ಲಿ ಆಯಿತು. ಅದೂ ಸ್ಪ್ಯಾನಿಷ್ ಗ್ರಾಮರ್!

ನಮ್ಮ ಯಜಮಾನರು ಹುಬ್ಬಳ್ಳಿಯ ಹತ್ತಿ ವಖಾರದಲ್ಲಿ ಕಾರಕೂನರು. ಇಲ್ಲಿಯ ಹತ್ತಿ ಮುಂಬಯಿ ಬಂದರಿನಿಂದ ಸ್ಪೇನ್ ದೇಶಕ್ಕೂ ಹೋಗುತ್ತದೆ. ಆ ಭಾಷೆ ಬಲ್ಲವರಿಗೆ ಮುಂಬಯಿ ಆಫೀಸಿನಲ್ಲಿ ಕೆಲಸ ಎಂದು ಸಾಹುಕಾರರು ಅಂದದ್ದೇ ತಡ, ಇವರು ಪುಸ್ತಕ ತರಿಸಿ ಉರುಹೊಡೆಯತೊಡಗಿದರು. (ಉಪ್ಪು ತರುವುದು ಮಾತ್ರ ನೆನಪಿರುವುದಿಲ್ಲ.)

ಹೋದ ಭಾನುವಾರ ನಾನು ಅಕ್ಕಿ ಆರಿಸುತ್ತಿದ್ದೆ. ಪಕ್ಕದಲ್ಲಿ ಇವರದು ಒಂದೇ ಜಪ: "ಕೊಸಿನಾರೋನ್, ಕೊಸಿನಾರಾ."

"ಯಾರ ಹೆಸರ್ರೀ ಅದು?" ಎಂದೆ.

"ಹೆಸರಲ್ಲ, ಅಡಿಗಿ! ಕೊಸಿನಾರೋನ್ ಅಂದ್ರ ಅವರು ಅಡಿಗಿ ಮಾಡಿದ್ರು. ಬಾಲದಾಗಿನ 'ರೋನ್' ಕಿತ್ತು 'ರಾ' ಹಚ್ಚಬೇಕು. ನೇಮ ತಪ್ಪದ ಕ್ರಿಯಾಪದಕ್ಕೆಲ್ಲಾ ಹಿಂಗ. 'ನನ್ನ ಹೆಂಡ್ತಿ ಅಡಿಗಿ ಮಾಡ್ಲಿ ಅಂತ ನನ್ನ ಇಚ್ಛಾ ಇತ್ತು' ಅನ್ನೂಮುಂದ ಈ 'ರಾ' ಬೇಕು."

"ಆಮ್ಯಾಲೆ ಆಕಿ ಮಾಡಿದ್ಳೋ ಇಲ್ಲೋ?"

"ಅದನ್ನ ಈ 'ರಾ' ಹೇಳೂದಿಲ್ಲ. ಇಚ್ಛಾ ಇತ್ತು ಅಂತ, ಅಷ್ಟ."

ಎಂಥ ಮರ್ಯಾದೆಯ ಭಾಷೆ! ನಮ್ಮಲ್ಲಿ ಗಂಡ ಬಯಸಿದನೆಂದರೆ ಆಗಿಹೋಯಿತೆಂದೇ ಲೆಕ್ಕ. ಅಲ್ಲಿ ಬಯಸಿದ್ದೇ ಬೇರೆ, ಆದದ್ದೇ ಬೇರೆ.

ಖುಷಿಯಾಗಿ ಇನ್ನೊಂದು ಉದಾಹರಣೆ ಕೇಳಿದೆ. ಅಲ್ಲೇ ಎಡವಟ್ಟಾಯಿತು.

"ನನ್ನ ಹೆಂಡ್ತಿ ಮುಂಬಯಿಗೆ ಪ್ರಯಾಣ ಮಾಡ್ಲಿ ಅಂತ ಇಚ್ಛಾ ಇತ್ತು. ವಿಯಹಾರಾ!"

"ವಿಹಾರಾ?"

"ವಿಹಾರ ಅಲ್ಲ, ವಿಯಹಾರಾ, ಪ್ರಯಾಣ. ಸಾಹುಕಾರ್ರಿಗೂ ಹೇಳಿಬಿಟ್ಟೇನಿ, ಮುಂದಿನ ತಿಂಗಳು ಇಬ್ಬರೂ..."

ನಾಲಿಗೆ ಕಚ್ಚಿಕೊಂಡರು. ತಡವಾಗಿತ್ತು.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಎಷ್ಟು ಜನರ ಮಾತು ಕೇಳಿಸಿಕೊಂಡು ಗಿಟ್ಟಿಸಿದ ನೌಕರಿ! ಅದನ್ನು ಬಿಡಬೇಕು ಎಂಬ ಸುದ್ದಿ ನನಗೆ ಒಂದು ಕ್ರಿಯಾಪದದಿಂದ ತಿಳಿಯಬೇಕೇ?

ಮೊರದ ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿದೆ.

ಮಧ್ಯಾಹ್ನ ಇವರು ಕೈಕಾಲು ತೊಳೆದು ಮಣೆಯ ಮೇಲೆ ಕೂತರು. ಖಾಲಿ ತಾಟು ಇಟ್ಟೆ.

"ಅಡಿಗಿ?"

"ನಿಮ್ಮ ಇಚ್ಛಾ ಇತ್ತಲ್ರೀ? ಕೊಸಿನಾರಾ."

ತಾಟು ನೋಡಿದರು. ಪುಸ್ತಕ ನೋಡಿದರು. ಎದ್ದು ದುರ್ಗದಬೈಲಿಗೆ ಹೋಗಿ ಚುರುಮುರಿ ಕಟ್ಟಿಸಿಕೊಂಡು ಬಂದರು. ನನ್ನ ಮುಂದೆ ಅರ್ಧ ಸುರಿದು, ಬಹಳ ಹೊತ್ತು ಅಗಿದು, ಕೊನೆಗೆ ಅಪ್ಪಟ ಕನ್ನಡದಲ್ಲಿ ಅಂದರು: "ಅಲ್ಲಾ, ಮುಂಬಯಿಗೆ ಬರ್ತೀಯೇನು?"

ಲಗ್ನವಾದ ಮೇಲೆ ಅವರ ಬಾಯಿಂದ ನಾನು ಕೇಳಿದ ಮೊದಲ ಪ್ರಶ್ನೆ! ('ಅಡಿಗಿ ಆತೇನು?' ಬಿಟ್ಟು.)

"ವಿಚಾರ ಮಾಡಿ ಹೇಳ್ತೇನ್ರಿ" ಎಂದೆ. ಮಾಡುತ್ತಲೇ ಇದ್ದೇನೆ. ಸೋಮವಾರ ಎಂದಿನಂತೆ ಶಾಲೆಗೂ ಹೋದೆ.

ನಿಮ್ಮನ್ನು ಒಂದು ಮಾತು ಕೇಳದೆ ನಿಮ್ಮ ಮನೆಯವರು ನಿಮಗಾಗಿ ಏನೇನು ಬಯಸಿಟ್ಟಿದ್ದಾರೆ? ಬರೆದು ಕಳಿಸಿ. ಹಾಗೆಯೇ ಇದನ್ನೂ ತಿಳಿಸಿ: ಅದು ಆಗಿಯೇ ಹೋಯಿತೋ, 'ರಾ'ದಲ್ಲೇ ಉಳಿಯಿತೋ?