ಗೌಸಸಾಬ ಮತ್ತು ನಾಲ್ಕನೇ ಮಗ್ಗ

ಶಹಾಪುರದ ನನ್ನ ಮಗ್ಗದ ಶೆಡ್ಡಿಗೆ ಗೌಸಸಾಬ ಮೂವತ್ತೊಂದು ವರ್ಷ ಖಾನಾಪುರದಿಂದ ಮೊದಲ ಬಸ್ಸಿಗೇ ಬಂದವನು. ರಿಪೇರಿಯವನು. ಸದ್ದು ಕೇಳಿಯೇ ಮಗ್ಗದ ಬೇನೆ ಹೇಳುತ್ತಿದ್ದ. ಹೋದ ತಿಂಗಳು "ಮಾಲಕರ, ನಾಲ್ಕನೇದ್ದು ನರಳಾಕತ್ತೈತ್ರಿ, ಬಿಚ್ಚಿ ನೋಡೂಣು" ಎಂದು ಮೂರು ಸಲ ಮಗ್ಗ ನಿಲ್ಲಿಸಿದ. ನನಗೇನೂ ಕೇಳಿಸಲಿಲ್ಲ. ಸಿಟ್ಟು ನೆತ್ತಿಗೇರಿ, "ನಿಮ್ಮ ಕಿವಿ ಹೋಗ್ಯಾವ, ಮನ್ಯಾಗ ಕುಂದರ್ರಿ" ಅಂದುಬಿಟ್ಟೆ. ಬೋಲ್ಟ್ ಬಿಚ್ಚುವ ಪಾನಾ ಜೇಬಿಗೆ ಹಾಕಿಕೊಂಡು ಹೋದ.

ಆಮೇಲೆ ನನ್ನಣ್ಣನ ಮಗ ಅಭಿಜಿತ ಬಂದ. ಮಗ್ಗಗಳಿಗೆ ರಜೆಯಿದ್ದ ಭಾನುವಾರ ಸಂಜೆ ಶೆಡ್ಡಿನಲ್ಲೇ ಎಲೆಕ್ಟ್ರಾನಿಕ್ ಸಂಗೀತವಂತೆ. ತಾಲೀಮಿಲ್ಲ, ಹಾಡಿಲ್ಲ, ನಿಂತಲ್ಲೇ ಹುಟ್ಟಿಸುವುದಂತೆ! ಅದಕ್ಕೆಂದು ವಾರವಿಡೀ ನನ್ನ ಮಗ್ಗಗಳ ಸದ್ದನ್ನು ರೆಕಾರ್ಡ್ ಮಾಡಿಕೊಂಡ. ಗೌಸಸಾಬನನ್ನೂ ಅವನೇ ಕರೆದ.

ಸಂಜೆ ಅಭಿಜಿತ ಲ್ಯಾಪ್‌ಟಾಪ್ ಮುಂದೆ ತಲೆ ಕುಣಿಸತೊಡಗಿದ. ಅವನ ಗೆಳತಿ ಮುಗ್ಧಾ ಗೋಡೆಯ ಮೇಲೆ ಬಣ್ಣದ ಗೆರೆಗಳನ್ನು ಓಡಿಸಿದಳು. ಸ್ಪೀಕರಿನ ಹೊಡೆತಕ್ಕೆ ಚಾವಣಿಯ ತಗಡು ನಡುಗಿತು. ಕಾಲೇಜಿನವರು ಕಣ್ಣು ಮುಚ್ಚಿ ತೂಗುತ್ತಿದ್ದರು. ನನ್ನ ಹೆಂಡತಿ ಅಲಕಾ ಗೋಡೆಯ ಗೆರೆಗಳನ್ನು ನೂಲೆಂದೇ ಎಣಿಸುತ್ತ, "ಅಯ್ಯ, ಹನ್ನೊಂದು ಎಳಿ ಹರದಾವು, ಯಾರೂ ನೋಡವಲ್ರು!" ಎಂದು ಚಡಪಡಿಸಿದಳು.

ಅಷ್ಟರಲ್ಲಿ ಸ್ಪೀಕರಿನಿಂದ ಬಂದ ಮಗ್ಗದ ಸದ್ದು ಕೇಳಿ ಗೌಸಸಾಬ ಎದ್ದ. "ನಿಂದರಸ್ರೀ! ನಾಲ್ಕನೇದ್ದು!" ಎಂದು ಕೂಗುತ್ತ ಓಡಿ, ಮೊದಲೇ ನಿಂತಿದ್ದ ನಾಲ್ಕನೇ ಮಗ್ಗದಡಿ ತೂರಿಕೊಂಡ. ಕಾಲೆರಡು ಮಾತ್ರ ಹೊರಗೆ. ಮುಗ್ಧಾ ಗೆರೆಗಳನ್ನು ಆ ಕಾಲುಗಳ ಮೇಲೇ ಬಿಟ್ಟಳು. ಇವನು ಪಾನಾದಿಂದ ಬಡಿದರೆ ಅಭಿಜಿತ ಲ್ಯಾಪ್‌ಟಾಪಿನಿಂದ ಉತ್ತರ ಕೊಟ್ಟ. ಸಿಳ್ಳೆಯೋ ಸಿಳ್ಳೆ! ನನ್ನ ಮಾನ ಹೋದಂತಾಯಿತು.

"ಅಭ್ಯಾ, ಬಂದ್ ಮಾಡೋ!"

"ಕಾಕಾ, ಇದ ಖರೇ ಸಂಗೀತ, ಸುಮ್ನಿರ್ರಿ!"

ಗೌಸಸಾಬ ಹೊರಬಂದು ನನ್ನ ಅಂಗೈಯಲ್ಲಿ ಒಂದು ಬೋಲ್ಟ್ ಇಟ್ಟ. ಅರ್ಧಕ್ಕರ್ಧ ಸೀಳಿತ್ತು. ತುಂಡಾಗಿ ಸಿಡಿದಿದ್ದರೆ ಆ ಮಗ್ಗ ನಡೆಸುವ ಬಸವಣ್ಣೆವ್ವನ ಮುಖಕ್ಕೇ ಬಡಿಯುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಜನ ಮಾತ್ರ ಬೋಲ್ಟಿಗೂ ಚಪ್ಪಾಳೆ ತಟ್ಟಿದರು.

ಮುಗ್ಧಾ ಓಡಿಬಂದು ಅವನ ಕಿವಿಯ ಬಳಿ ಕೂಗಿದಳು: "ಚಾಚಾ, ನಿಮ್ಮ ಮುಂದಿನ ಕಾರ್ಯಕ್ರಮ ಯಾವಾಗ್ರಿ?"

ಅವನು ನನ್ನತ್ತ ನೋಡಿದ. "ಅದನ್ನ ಮಾಲಕರ ಹೇಳಬೇಕ್ರಿ."

"ನಾಳಿಂದ ಮೊದಲ ಬಸ್ಸಿಗೇ ಬರ್ರಿ" ಅಂದೆ. ಆ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಗೌಸಸಾಬನಿಗೆ ಕೇಳಿಸಿತು.